ಏರಿನಲ್ಲಿ ಮಾತ್ರ ಬರುವ ಸಪ್ಪಳ

ಬೇಸಿಗೆಯ ಆರಂಭದಲ್ಲಿ ವಡಗೇರಾದ ಪರಿಚಯಸ್ಥರೊಬ್ಬರು ಮಗನೊಂದಿಗೆ ಹಳೆಯ ಯೆಜ್ಡಿ ಬೈಕ್ ತಂದು ಅಂಗಳದಲ್ಲಿ ನಿಲ್ಲಿಸಿದರು. “ಒಬ್ಬನೇ ಹೋದ್ರ ಛಲೋ ಓಡ್ತದರಿ ಸರ್. ಯಾದಗಿರಿ ದಾರ್‍ಯಾಗ ಇಬ್ಬರು ಕುಂತು ಏರು ಹತ್ತಿದ್ರ, ತಗಡಿನ ಡಬ್ಬ್ಯಾಗ ಹಳ್ಳು ಹಾಕಿ ಅಳ್ಳಾಡಿಸಿದಂಗ ಸಪ್ಪಳ ಬರ್ತದ” ಎಂದರು. ಪಿಯುಸಿ ವಿಜ್ಞಾನ ಓದುವ ಮಗನದು ಒಂದೇ ತೀರ್ಮಾನ: “ಪೆಟ್ರೋಲೇ ಛಲೋ ಇಲ್ರಿ.”

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಟೂ ಸ್ಟ್ರೋಕ್ ಯೆಜ್ಡಿಗಳು ಇನ್ನೂ ಓಡುತ್ತಿವೆ. ಮೆಕ್ಯಾನಿಕರು ‘ನಾಕಿಂಗ್’ ಎನ್ನುವ ಈ ಸಪ್ಪಳ ಒಂದು ಭಾಗ ಇನ್ನೊಂದಕ್ಕೆ ಬಡಿದು ಬರುವಂಥದ್ದಲ್ಲ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ, ಒಣಹುಲ್ಲಿನ ಬೆಂಕಿಯಂತೆ, ಸಿಲಿಂಡರಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಶಾಖದಿಂದ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ, ಒತ್ತಡದ ಅಲೆ ಗೋಡೆಗೆ ಅಪ್ಪಳಿಸುತ್ತದೆ. ನಮಗೆ ಕೇಳುವುದು ಅದೇ.

ಅಲ್ಯೂಮಿನಿಯಂ ಪಿಸ್ಟನ್ ಆಗ ವಿಪರೀತ ಕಾಯುತ್ತದೆ. ಬೀಡುಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹವದು. ಹಿಗ್ಗಿ ಸಿಕ್ಕಿಕೊಂಡರೆ ಓಡುತ್ತಿರುವ ಬೈಕಿನ ಹಿಂದಿನ ಚಕ್ರವೇ ನಿಂತುಬಿಡುತ್ತದೆ. ಮಕ್ಕಳ ಕೈಗೆ ಇಂಥ ಗಾಡಿ ಕೊಡುವ ತಂದೆತಾಯಿಗಳು ಇದನ್ನು ತಿಳಿದಿರಬೇಕು. ಇಂಜಿನ್ ಹಿಡಿಯುತ್ತಿದೆ ಅನಿಸಿದ ತಕ್ಷಣ ಕ್ಲಚ್ ಒತ್ತಬೇಕು.

ಮೊದಲು ಕೇಳಬೇಕಾದದ್ದು, ಸಪ್ಪಳ ಯಾವಾಗ ಬರುತ್ತದೆ? ಇಂಜಿನ್ ತಣ್ಣಗಿದ್ದಾಗ ಬಂದು ಕಾದಂತೆ ಕಡಿಮೆಯಾದರೆ ಪಿಸ್ಟನ್ ಸಡಿಲ. ಕಾದಮೇಲೆ, ಭಾರಕ್ಕೆ ಮಾತ್ರ ಬಂದರೆ ನಾಕಿಂಗ್. ಹುಡುಗನಿಂದಲೇ ಪ್ಲಗ್ ಬಿಚ್ಚಿಸಿದೆ. ಕಂದು ಬಣ್ಣವಿರಬೇಕಿದ್ದ ತುದಿ ಸುಣ್ಣದಂತೆ ಬೆಳ್ಳಗಿತ್ತು. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.

“ಆಯಿಲ್ ಎಷ್ಟು ಹಾಕ್ತೀಯಪ್ಪ?” ಎಂದೆ. ಇಂಜಿನ್ನಿಗೆ ಒಳ್ಳೆಯದೆಂದು ಅಳತೆಗಿಂತ ಜಾಸ್ತಿಯೇ ಹಾಕುತ್ತಿದ್ದನಂತೆ! ಕಾರ್ಬುರೇಟರಿನ ಜೆಟ್ಟಿನ ರಂಧ್ರ ಅಷ್ಟೇ ಇರುತ್ತದೆ. ಅದರಲ್ಲಿ ಎಣ್ಣೆ ಹೆಚ್ಚು ಹರಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. ಜೊತೆಗೆ, ಎಕ್ಸಲರೇಟರ್ ಬಿಟ್ಟ ಮೇಲೂ ಇಂಜಿನ್ ಸ್ವಲ್ಪ ಹೊತ್ತು ಜೋರಾಗಿಯೇ ತಿರುಗುತ್ತಿತ್ತು. ಟೂ ಸ್ಟ್ರೋಕಿನಲ್ಲಿ ಮಿಶ್ರಣ ಕ್ರ್ಯಾಂಕ್ ಕೇಸಿನ ಮೂಲಕವೇ ಹೋಗುವುದರಿಂದ ಆಯಿಲ್ ಸೀಲ್ ಸವೆದರೂ ಗಾಳಿ ಒಳಗೆ ನುಗ್ಗುತ್ತದೆ. ಡೈನಮೋ ಬದಿಯ ಸೀಲ್ ಬಿಚ್ಚಿ ನೋಡಿದರೆ ಹಳೇ ಚಪ್ಪಲಿಯ ಹಾಗೆ ಗಟ್ಟಿಯಾಗಿತ್ತು. ಇನ್ನೊಂದು ಬದಿಯದು ಹೋಗಿದ್ದರೆ ಗೇರ್ ಆಯಿಲ್ ಸುಟ್ಟು ದಟ್ಟ ಬಿಳಿ ಹೊಗೆ ಬರುತ್ತಿತ್ತು.

ಹುಡುಗನ ಅನುಮಾನ ಪೂರ್ತಿ ಸುಳ್ಳೂ ಅಲ್ಲ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲೀ ನಾಕಿಂಗ್ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವುದನ್ನು ಕಂಡುಹಿಡಿದ. ಸಪ್ಪಳ ನಿಂತಿತು, ಸೀಸದ ವಿಷ ಮಕ್ಕಳ ಮಿದುಳಿಗೆ ಹೋಯಿತು. ನಮ್ಮ ದೇಶದಲ್ಲಿ 2000ದಿಂದ ಸೀಸವಿಲ್ಲದ ಪೆಟ್ರೋಲೇ ಸಿಗುತ್ತಿದೆ. ಈಗ ಬೆರೆಸುವ ಎಥೆನಾಲ್ ನಾಕಿಂಗ್ ತಡೆಯುವಂಥದ್ದೇ. ಆದರೆ ಅದರಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ.

ಸೀಲ್ ಬದಲಾಯಿತು, ಎಣ್ಣೆ ಅಳತೆಗೆ ಬಂತು, ಜೆಟ್ ಒಂದು ಸೈಜು ದೊಡ್ಡದಾಯಿತು. ಕಿಡಿ ಬೇಗ ಹಾರಿದರೂ ಇದೇ ಸಪ್ಪಳ ಬರುವುದರಿಂದ ಪಾಯಿಂಟನ್ನೂ ನೋಡಿದೆವು, ಸರಿಯಿತ್ತು. ಮೊದಲೇ ಅದನ್ನು ತಿರುಗಿಸಿದ್ದರೆ ಸಪ್ಪಳ ಅಡಗಿ, ರೋಗ ಒಳಗೇ ಉಳಿಯುತ್ತಿತ್ತು.

ಅಪ್ಪ ಹಿಂದೆ ಕುಳಿತರು, ಮಗ ಏರು ಹತ್ತಿಸಿ ಬಂದ. ಸಪ್ಪಳವಿರಲಿಲ್ಲ. ಸೈಲೆನ್ಸರಿನ ಮಸಿ ತೆಗೆಯುವ ಕೆಲಸ ಮಾತ್ರ ಬಾಕಿ. “ಸಿಇಟಿ ಮುಗೀಲಿ ತಡೀರಿ ಸರ್” ಎಂದಿದ್ದಾನೆ.