ಕಣ್ಣಿಗೆ ಹೂ ಬಿದ್ದ ಮೇಲೆ ಅಳೆದು ಏನು ಫಲ?

ಹಾಲು ಅಳೀತೀವಿ. ಡೇರಿಯಲ್ಲಿ ಕೊಬ್ಬು ಅಳೀತಾರೆ. ದನ ಮೇವು ಬಿಟ್ರೆ ಡಾಕ್ಟ್ರು ಥರ್ಮಾಮೀಟರ್ ಇಟ್ಟು ನೋಡ್ತಾರೆ. ಕಣ್ಣಿನದು ಮಾತ್ರ ಇಂದಿಗೂ ಅಂದಾಜಿನ ಲೆಕ್ಕ. ನೀರು ಸುರಿದು, ಕೆಂಪಾಗಿ, ಹೂ ಬಿದ್ದ ಮೇಲೇ ನಮ್ಮ ಗಮನ ಅತ್ತ ಹೋಗುವುದು.

ಕಣ್ಣಿನಲ್ಲೂ ಅಳೆಯುವಂಥದ್ದು ಎರಡಿವೆ. ಒಂದು, ಕಣ್ಣುಗುಡ್ಡೆಯ ಒಳಗಿನ ಒತ್ತಡ. ಇನ್ನೊಂದು, ಕಣ್ಣೀರು ಎಷ್ಟು ಒಸರುತ್ತದೆ ಎಂಬುದು. ಇವನ್ನು ಕಾಯಿಲೆಯ ದನದಲ್ಲಿ ಅಳೆದರೆ ಸಾಲದು, ಆರೋಗ್ಯವಂತ ದನದಲ್ಲಿ ಮೊದಲು ಅಳೆಯಬೇಕು ಎಂಬುದು ನನ್ನ ವಾದ.

ಯಾಕೆ ಅಂತೀರಾ? ಜ್ವರದ ಉದಾಹರಣೆಯನ್ನೇ ನೋಡಿ. ಹಸುವಿನ ಮೈಬಿಸಿ 101-102 ಡಿಗ್ರಿ ಸಹಜ ಅಂತ ನಮಗೆ ಗೊತ್ತು. ಮನುಷ್ಯರ 98.6ನ್ನೇ ಹಿಡಿದು ನೋಡಿದ್ರೆ ಹಟ್ಟಿಯ ದನಕ್ಕೆಲ್ಲ ಜ್ವರ! ಕಣ್ಣಿನದೂ ಹಾಗೇ. ಮನುಷ್ಯರ ಕಣ್ಣಿನ ಒತ್ತಡ ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿ.ಮೀ. ಇದ್ದರೆ ಸಹಜ. ಅಮೆರಿಕದಲ್ಲಿ ಆರೋಗ್ಯವಂತ ಹೋಲ್‌ಸ್ಟೀನ್, ಜರ್ಸಿ ಹಸುಗಳಲ್ಲಿ ಅಳೆದು 1998ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸರಾಸರಿ 27ರ ಆಸುಪಾಸು ಇತ್ತು. ಮನುಷ್ಯರಲ್ಲಾದರೆ ಇದು ಕಾಯಿಲೆ, ಹಸುವಿನಲ್ಲಿ ಆರೋಗ್ಯ.

ಕಣ್ಣು ಕೆಂಪಾದಾಗ ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತದೆ. ಆದರೆ ಕಣ್ಣಿನೊಳಗೆ ಉರಿಯೂತ ಇದ್ದರೆ ಒತ್ತಡ ಸಾಮಾನ್ಯವಾಗಿ ಇಳಿಯುತ್ತದೆ. ಗ್ಲಾಕೋಮಾ ಆದರೆ ಏರುತ್ತದೆ. ಎರಡಕ್ಕೂ ಮದ್ದು ಬೇರೆ. ಇನ್ನೊಂದು ಕಣ್ಣಿನ ಜತೆ ಹೋಲಿಸಬಹುದಲ್ಲ ಅಂದ್ರೆ, ಸರಿಯೇ. ಎರಡೂ ಕಣ್ಣು ಕೆಟ್ಟಿದ್ದರೆ? ಆಗ ಆಧಾರಕ್ಕೆ ಬೇಕಾದದ್ದು ಆರೋಗ್ಯವಂತ ದನದ ಲೆಕ್ಕ.

ಕಣ್ಣೀರು ಅಳೆಯುವುದು ಇನ್ನೂ ಸುಲಭ. ಜರ್ಮನಿಯ ಕಣ್ಣಿನ ವೈದ್ಯ ಶರ್ಮರ್ 1903ರಲ್ಲಿ ಮನುಷ್ಯರಿಗಾಗಿ ಕಂಡುಹಿಡಿದ ಉಪಾಯ ಇದು. ಸೋಸುಕಾಗದದ ಕಿರುಪಟ್ಟಿಯ ತುದಿ ಮಡಿಸಿ ಕೆಳರೆಪ್ಪೆಯ ಒಳಗೆ ಸಿಕ್ಕಿಸುವುದು. ಪ್ರಾಣಿಗಳಿಗೆ ಒಂದೇ ನಿಮಿಷ. ಎಷ್ಟು ಮಿ.ಮೀ. ಒದ್ದೆಯಾಯಿತೋ ಅದೇ ಅಳತೆ. ನಾಯಿಯಲ್ಲಿ 15 ಮಿ.ಮೀ. ದಾಟಿದರೆ ಸರಿ ಅನ್ನುತ್ತಾರೆ. ದೊಡ್ಡ ಹಸುವಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಹೆಚ್ಚು. ನಾಯಿಯ ಲೆಕ್ಕ ಹಸುವಿಗೆ ಹೊಂದುವುದಿಲ್ಲ.

ಅಳೆಯುವಾಗ ಎಚ್ಚರ ಬೇಕು. ಮೊದಲು ಕಣ್ಣೀರು, ಆಮೇಲೆ ಒತ್ತಡ. ಒತ್ತಡ ನೋಡುವ ಕೆಲವು ಉಪಕರಣಗಳಿಗೆ ಮರಗಟ್ಟಿಸುವ ಹನಿ ಹಾಕಲೇಬೇಕು. ಹನಿ ಬಿದ್ದ ಮೇಲೆ ಕಣ್ಣೀರಿನ ಅಳತೆ ಕಡಿಮೆ ಬರುತ್ತದೆ. ಇನ್ನು ಹಿಡಿದುಕೊಳ್ಳುವ ನಮ್ಮ ಪಾಲೂ ದೊಡ್ಡದೇ. ಕುತ್ತಿಗೆ ಹಗ್ಗ ಬಿಗಿದರೆ, ತಲೆ ಕೆಳಕ್ಕೆ ಅದುಮಿದರೆ, ರೆಪ್ಪೆಯನ್ನು ಗುಡ್ಡೆಗೆ ಒತ್ತಿ ಬಿಡಿಸಿದರೆ ಒತ್ತಡ ಸುಳ್ಳಾಗಿ ಏರುತ್ತದೆ. ಮತ್ತು ಬರುವ ಮದ್ದು ಕೊಟ್ಟರೂ ಅಳತೆ ಬದಲಾದೀತು. ಪರಿಚಯದವರು ಸಮಾಧಾನದಲ್ಲಿ ತಲೆ ಎತ್ತಿ ಹಿಡಿದರೆ ಅರ್ಧ ಕೆಲಸ ಆದಂತೆ.

ಹಾಲು ಕೊಡೋ ಹಸುವಿಗೆ ಕಣ್ಣಿನ ಪರೀಕ್ಷೆ ಯಾಕೆ, ಅದೇನು ಪುಸ್ತಕ ಓದ್ಬೇಕಾ ಅಂತ ನಗುವವರಿದ್ದಾರೆ. ಕಣ್ಣು ನೋವಿನ ದನ ಮೇವು ಕಡಿಮೆ ಮಾಡುತ್ತದೆ, ಹಾಲು ಇಳಿಯುತ್ತದೆ. ಒಕ್ಕಣ್ಣಿನ ಎತ್ತನ್ನು ಸಂತೆಯಲ್ಲಿ ಕೇಳುವವರಿಲ್ಲ. ಗುಡ್ಡದಲ್ಲಿ ಮೇಯುವ ಕುರುಡು ದನ ಉರುಳಿ ಬೀಳುತ್ತದೆ. ಅಳತೆ ಇಲ್ಲದ ಕಡೆ ಊಹೆಯ ಮದ್ದು ಶುರು. ಒಬ್ಬರು ಉಪ್ಪುನೀರು ಎರಚಿದರೆ ಇನ್ನೊಬ್ಬರು ಹೊಗೆಸೊಪ್ಪಿನ ರಸ ಬಿಡುತ್ತಾರೆ. ಅಂಗಡಿಯಿಂದ ಸ್ಟಿರಾಯ್ಡ್ ಮುಲಾಮು ತಂದು ಹಚ್ಚುವವರೂ ಇದ್ದಾರೆ. ಗುಡ್ಡೆಯ ಮೇಲೆ ಹುಣ್ಣಿದ್ದರೆ ಅದೇ ಮುಲಾಮು ಕಣ್ಣು ಕಳೆದೀತು.

ಒತ್ತಡ ಅಳೆಯುವ ಉಪಕರಣ ದುಬಾರಿ, ನಾವು ಕೊಳ್ಳುವಂಥದ್ದಲ್ಲ. ಊರೂರಿಗೆ ಬೇಕೆಂದು ಕೇಳುವುದೂ ಸರಿಯಲ್ಲ. ತಾಲೂಕಿನ ಪಶು ಆಸ್ಪತ್ರೆಗೊಂದು ಸಾಕು. ಕಾಗದದ ಪಟ್ಟಿಯಾದರೋ ಎಲ್ಲ ಪಶು ಚಿಕಿತ್ಸಾಲಯದಲ್ಲೂ ಇರಬಹುದಾದ ಸಾಮಾನು. ಕಾಲುಬಾಯಿ ಲಸಿಕೆಗೆ ಊರಿನ ದನಗಳನ್ನೆಲ್ಲ ಹೇಗೂ ಕಟ್ಟುತ್ತೇವೆ. ಸೂಜಿ ಚುಚ್ಚುವ ಮೊದಲು, ಗದ್ದಲ ಇಲ್ಲದ ಕಡೆ, ನಾಲ್ಕಾರು ದನಗಳ ಕಣ್ಣು ಅಳೆದು ತಳಿ, ವಯಸ್ಸು, ಬಳಸಿದ ಉಪಕರಣ ಬರೆದಿಡಬಹುದು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಅಭ್ಯಾಸ. ಮಲೆನಾಡು ಗಿಡ್ಡ, ಹಳ್ಳಿಕಾರ್, ಎಮ್ಮೆ, ಆಡು, ಕುರಿ ಎಲ್ಲದರದ್ದೂ ಬೇರೆ ಬೇರೆ ಪಟ್ಟಿ ಆಗಲಿ. ಹೋಲ್‌ಸ್ಟೀನಿನ ಲೆಕ್ಕ ಗಿಡ್ಡಕ್ಕೂ ಸರಿ ಅಂತ ಸುಮ್ಮನೆ ಒಪ್ಪಬೇಕಾಗಿಲ್ಲ.

ಅಲ್ಲಿವರೆಗೆ ನಮ್ಮ ಕೈಲಾಗುವುದನ್ನು ಮಾಡೋಣ. ವಾರಕ್ಕೊಮ್ಮೆ ಹಾಲು ಕರೆಯುವ ಮೊದಲು ಎರಡೂ ಕಣ್ಣು ಹೋಲಿಸಿ ನೋಡಿ. ಕೆಳಗೆ ನೀರಿನ ಗೆರೆ ಇದೆಯೇ, ಒಂದು ಕಣ್ಣು ಕಿರಿದಾಗಿದೆಯೇ, ಮಸುಕಾಗಿದೆಯೇ? ವ್ಯತ್ಯಾಸ ಕಂಡ ದಿನವೇ ಡಾಕ್ಟ್ರಿಗೆ ಹೇಳಿ. ಮುಂದಿನ ಸಲ ಅವರು ಹಟ್ಟಿಗೆ ಬಂದಾಗ ಕೇಳಿಯೂ ಬಿಡಿ: "ಸಾರ್, ಕಣ್ಣೀರು ಅಳೆಯೋ ಪಟ್ಟಿ ಇದೆಯಾ?" ಕೇಳುವವರಿದ್ದರೆ ತಾನೇ ತರಿಸುವುದು.