ಯಂತ್ರದ ಕೈ ತಪ್ಪಿದರೆ ಹೊಣೆ ಯಾರದು?

ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಫ್ರೀಮನ್ ಆಸ್ಪತ್ರೆಯಲ್ಲಿ 2015ರ ಫೆಬ್ರುವರಿಯಲ್ಲಿ 69 ವರ್ಷದ ಹಿರಿಯರೊಬ್ಬರಿಗೆ ಹೃದಯದ ಕವಾಟ ಸರಿಪಡಿಸುವ ಶಸ್ತ್ರಚಿಕಿತ್ಸೆ ನಡೆಯಿತು. ಈ ಚಿಕಿತ್ಸೆಯನ್ನು ರೋಬೋಟ್ ನೆರವಿನಿಂದ ಮಾಡಿದ್ದು ಆ ದೇಶದಲ್ಲಿ ಅದೇ ಮೊದಲು. ಶಸ್ತ್ರವೈದ್ಯರಿಗೆ ಆ ಯಂತ್ರದ ಮೇಲೆ ಸಾಕಷ್ಟು ತರಬೇತಿ ಆಗಿರಲಿಲ್ಲ. ಪಕ್ಕದಲ್ಲಿದ್ದು ನಡೆಸಿಕೊಡಬೇಕಿದ್ದ ಇಬ್ಬರು ಪರಿಣತರು ಕೆಲಸ ಮುಗಿಯುವ ಮೊದಲೇ ಹೊರಟುಹೋದರು. ಯಂತ್ರದ ಕ್ಯಾಮೆರಾಕ್ಕೆ ರಕ್ತ ಸಿಡಿದು ಒಳಗಿನದು ಕಾಣದಾಯಿತು. ಕಡೆಗೆ ಯಂತ್ರವನ್ನು ಬದಿಗಿಟ್ಟು ಎದೆ ತೆರೆಯಬೇಕಾಯಿತು. ಕೆಲವೇ ದಿನಗಳಲ್ಲಿ ರೋಗಿ ತೀರಿಕೊಂಡರು. ರೂಢಿಯ ವಿಧಾನದಲ್ಲಿ ಇಂಥ ಚಿಕಿತ್ಸೆಗೆ ಸಾವಿನ ಭಯ ನೂರಕ್ಕೆ ಒಂದೆರಡು ಮಾತ್ರ. ಸಾವಿನ ಕಾರಣ ವಿಚಾರಿಸುವ ಕೊರೋನರ್ ಎಂಬ ಅಧಿಕಾರಿ 2018ರ ನವೆಂಬರಿನಲ್ಲಿ ತೀರ್ಮಾನ ಕೊಟ್ಟರು: ರೋಬೋಟ್ ಬಳಸದೆ ಮಾಡಿದ್ದರೆ ಅವರು ಬದುಕುಳಿಯುವ ಸಾಧ್ಯತೆಯೇ ಹೆಚ್ಚಿತ್ತು. ಈ ವಿಧಾನದಲ್ಲಿ ಅಪಾಯ ಹೆಚ್ಚೆಂಬುದನ್ನು ಆ ಹಿರಿಯರಿಗೆ ಯಾರೂ ತಿಳಿಸಿರಲಿಲ್ಲ.

ದೂರದ ಊರಿನ ಈ ಕಥೆ ನಮ್ಮ ಪತ್ರಿಕೆಗೇಕೆ ಎಂದು ಓದುಗ ಬಂಧುಗಳು ಕೇಳಬಹುದು. ನಮ್ಮ ನಾಡಿನಲ್ಲಿ ಮಠಗಳ, ಸಮಾಜದ ಸಂಸ್ಥೆಗಳ ಆಶ್ರಯದಲ್ಲಿ ವೈದ್ಯಕೀಯ ಕಾಲೇಜುಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ಹಳ್ಳಿಯ ಭಕ್ತರು ‘ಅದು ನಮ್ಮ ಮಠದ ದವಾಖಾನೆ’ ಎಂಬ ಒಂದೇ ನಂಬಿಕೆಯ ಮೇಲೆ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ ಒಳಗೆ ಹೋಗುತ್ತಾರೆ. ಇಂದಲ್ಲ ನಾಳೆ ಕೋಟಿಗಟ್ಟಲೆ ಬೆಲೆಯ ಈ ಯಂತ್ರ ಕೊಳ್ಳುವ ಮಾತು ಇಂಥ ಸಂಸ್ಥೆಗಳ ಆಡಳಿತ ಮಂಡಳಿಯ ಮುಂದೆ ಬಂದೇ ಬರುತ್ತದೆ. ಬರುವ ಮುನ್ನ ಯೋಚಿಸುವುದು ಒಳ್ಳೆಯದು.

ಮೊದಲು ಒಂದು ತಪ್ಪು ತಿಳಿವಳಿಕೆ ತೊಲಗಬೇಕು. ಹೆದ್ದಾರಿ ಬದಿಯ ಫಲಕಗಳನ್ನು ನೋಡಿದರೆ ರೋಬೋಟೇ ಆಪರೇಷನ್ ಮಾಡುತ್ತದೆ ಎನ್ನಿಸುತ್ತದೆ. ಹಾಗೇನೂ ಇಲ್ಲ. ಇಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಇಂಥ ಯಂತ್ರಗಳಲ್ಲಿ ವೈದ್ಯರು ರೋಗಿಯಿಂದ ಕೆಲವು ಅಡಿ ದೂರದ ಪೀಠದಲ್ಲಿ ಕುಳಿತು, ಹಿಗ್ಗಿಸಿ ತೋರಿಸುವ ಚಿತ್ರ ನೋಡುತ್ತ ಬೆರಳಾಡಿಸುತ್ತಾರೆ. ಯಂತ್ರದ ತೋಳುಗಳು ಆ ಚಲನೆಯನ್ನೇ ರೋಗಿಯ ದೇಹದೊಳಗೆ ಮಾಡುತ್ತವೆ. ಕೈ ನಡುಗಿದರೂ ತೋಳು ನಡುಗುವುದಿಲ್ಲ, ಗಾಯ ಚಿಕ್ಕದು, ರಕ್ತ ಹೋಗುವುದು ಕಡಿಮೆ. ಇವೆಲ್ಲ ನಿಜವಾದ ಲಾಭಗಳೇ. ಆದರೆ ಬಹುಪಾಲು ಯಂತ್ರಗಳಲ್ಲಿ ವೈದ್ಯರ ಬೆರಳಿಗೆ ಮಾಂಸದ ಮೆದು, ಗಟ್ಟಿ ತಿಳಿಯುವುದಿಲ್ಲ. ಎಲ್ಲವನ್ನೂ ಕಣ್ಣಿನಿಂದಲೇ ಅಳೆಯಬೇಕು. ಈ ಕಣ್ಣಳತೆ ಕೈಗೂಡಬೇಕಾದರೆ ಹತ್ತಾರು ರೋಗಿಗಳು ಬೇಕು. ಆ ಹತ್ತಾರು ಜನರಲ್ಲಿ ಮೊದಲಿಗರು ಯಾರು, ಅವರಿಗೆ ಅದು ಗೊತ್ತಿದೆಯೇ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ 2000ದಿಂದ 2013ರವರೆಗೆ ರೋಬೋಟ್ ಶಸ್ತ್ರಚಿಕಿತ್ಸೆಯ ಬಗ್ಗೆ ಬಂದ ದೂರುಗಳನ್ನು ಸಂಶೋಧಕರು ಒಟ್ಟುಗೂಡಿಸಿದ್ದಾರೆ. ಒಟ್ಟು 10,624 ವರದಿಗಳು. ಅವುಗಳಲ್ಲಿ 144 ಸಾವು, 1,391 ಗಾಯ, ಎಂಟು ಸಾವಿರಕ್ಕೂ ಹೆಚ್ಚು ಯಂತ್ರದೋಷ. ಆ ಅವಧಿಯಲ್ಲಿ ನಡೆದ ಲಕ್ಷಾಂತರ ಚಿಕಿತ್ಸೆಗಳ ಎದುರು ಈ ಸಂಖ್ಯೆ ಸಣ್ಣದು, ಪ್ರತಿ ಸಾವಿಗೂ ಯಂತ್ರವೇ ಕಾರಣವೆಂದೂ ಅದರ ಅರ್ಥವಲ್ಲ. ಆದರೆ ಅಲ್ಲಿ ಎಣಿಸುವವರಾದರೂ ಇದ್ದಾರೆ. ನಮ್ಮಲ್ಲಿ ವೈದ್ಯಕೀಯ ಸಾಧನಗಳಿಂದಾದ ಹಾನಿಯನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲಿ ಆರಂಭವಾಗಿದೆ. ಆಸ್ಪತ್ರೆಗಳು ಅದಕ್ಕೆ ವರದಿ ಕೊಡುವುದು ಅವರವರ ಮನಸ್ಸಿಗೆ ಬಿಟ್ಟದ್ದು.

ಈಗ ಹೊಣೆಯ ಮಾತು. ವೈದ್ಯರು ‘ಯಂತ್ರ ಕೈಕೊಟ್ಟಿತು’ ಎನ್ನುತ್ತಾರೆ. ತಯಾರಕರು ‘ಯಂತ್ರ ಸರಿಯಿತ್ತು, ನಡೆಸಿದವರಿಗೆ ಬರಲಿಲ್ಲ’ ಎನ್ನುತ್ತಾರೆ. ಆಸ್ಪತ್ರೆಯವರು ‘ನಾವು ಕೊಂಡು ಇಟ್ಟವರು ಅಷ್ಟೇ’ ಎನ್ನುತ್ತಾರೆ. ಮೂರು ಬಾಗಿಲು ತಿರುಗುವಷ್ಟರಲ್ಲಿ ಸತ್ತವರ ಮನೆಯವರ ಕಾಲಾವಕಾಶವೇ ಮುಗಿದಿರುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವುದು ಎರಡೇ ವರ್ಷ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2017ರ ಫೆಬ್ರುವರಿಯಲ್ಲಿ ಇಂಥದೇ ಒಂದು ಪ್ರಕರಣದಲ್ಲಿ ಆದೇಶ ಕೊಟ್ಟಿತು. 2008ರಲ್ಲಿ ಒಬ್ಬ ವೈದ್ಯರು ಡಾ ವಿಂಚಿ ರೋಬೋಟ್ ಬಳಸಿ ಪ್ರಾಸ್ಟೇಟ್ ಗ್ರಂಥಿ ತೆಗೆಯುವ ಚಿಕಿತ್ಸೆ ಮಾಡಿದರು. ಮೇಲ್ವಿಚಾರಕರಿಲ್ಲದೆ ಅವರು ಮಾಡಿದ್ದು ಅದೇ ಮೊದಲನೆಯದು. ಆರಂಭದಲ್ಲಿ ಸ್ಥೂಲದೇಹಿಗಳನ್ನೂ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರನ್ನೂ ಆರಿಸಿಕೊಳ್ಳಬೇಡಿ ಎಂಬ ಸಲಹೆ ಕಂಪನಿಯದೇ ಇತ್ತು. ಈ ರೋಗಿ ಎರಡೂ ಆಗಿದ್ದರು. ಕರುಳಿಗೆ ಗಾಯವಾಗಿ, ಒಂದರ ಹಿಂದೊಂದು ತೊಂದರೆ ಬಂದು, ನಾಲ್ಕು ವರ್ಷಗಳ ನಂತರ ಅವರು ತೀರಿಕೊಂಡರು. ವೈದ್ಯರೂ ಆಸ್ಪತ್ರೆಯೂ ರಾಜಿ ಮಾಡಿಕೊಂಡರು. ಕಂಪನಿ ಮಾತ್ರ ವಾದಿಸಿತು: ‘ನಾವು ವೈದ್ಯರಿಗೆ ಎಚ್ಚರಿಕೆ ಕೊಟ್ಟಿದ್ದೇವೆ, ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು’. ಜ್ಯೂರಿ ಕಂಪನಿಯ ಪರ ನಿಂತಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಯಂತ್ರ ಕೊಂಡದ್ದು ಆಸ್ಪತ್ರೆ, ಯಾರು ಅದನ್ನು ಮುಟ್ಟಬೇಕು ಎಂದು ಗೊತ್ತುಮಾಡುವುದೂ ಆಸ್ಪತ್ರೆ. ಆದ್ದರಿಂದ ಆಸ್ಪತ್ರೆಗೂ ಬೇರೆಯಾಗಿ ಎಚ್ಚರಿಕೆ ಕೊಡುವುದು ತಯಾರಕರ ಕರ್ತವ್ಯ ಎಂದು ಹೇಳಿ ಮರುವಿಚಾರಣೆಗೆ ಕಳಿಸಿತು. ಮೇಲುನೋಟಕ್ಕೆ ಇದು ಕಂಪನಿಗೆ ಬಿದ್ದ ಪೆಟ್ಟು. ನಮ್ಮ ದೃಷ್ಟಿಯಲ್ಲಿ ಇದು ಆಸ್ಪತ್ರೆಗಳಿಗೂ ಹೇಳಿದ ಮಾತು: ಎಚ್ಚರಿಕೆ ಪಡೆದವರು ಅದರಂತೆ ನಡೆಯಲೂ ಬೇಕು.

ನಮ್ಮ ದೇಶದಲ್ಲಿ ರೋಬೋಟ್ ಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. 1995ರ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈದ್ಯಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ನಡೆಯುವ ಆಸ್ಪತ್ರೆ ಮಾತ್ರ ಅದರ ಹೊರಗೆ. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತ ಮಾಡುವ ಕಡೆ ಆ ಬಡವರಿಗೂ ದೂರುವ ಹಕ್ಕುಂಟು. ದಾಸೋಹವೆಂದು ಮಾಡಿದ ಚಿಕಿತ್ಸೆಗೆ ಲೆಕ್ಕ ಕೇಳಬಾರದು ಎಂಬ ಮಾತು ನಮ್ಮ ಕಿವಿಗೂ ಆಗಾಗ ಬೀಳುತ್ತದೆ, ಅದಕ್ಕಾಗಿ ಇದನ್ನು ಬಿಡಿಸಿ ಹೇಳಿದೆವು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಮೊದಲ ಬಾರಿಗೆ ವಸ್ತು ತಯಾರಕರ ಹೊಣೆಯ ಅಧ್ಯಾಯವನ್ನೇ ಸೇರಿಸಿತು. ತಯಾರಿಕೆಯಲ್ಲೋ ವಿನ್ಯಾಸದಲ್ಲೋ ದೋಷವಿದ್ದು ಹಾನಿಯಾದರೆ ನೇರವಾಗಿ ತಯಾರಕರನ್ನೇ ಕೇಳಬಹುದು. ಸಂತೋಷ. ಆದರೆ ಅದೇ ಅಧ್ಯಾಯದ 87ನೇ ಕಲಂ ಓದಿದರೆ ಸಂತೋಷ ಅರ್ಧವಾಗುತ್ತದೆ. ಪರಿಣತರೇ ಅಥವಾ ಅವರ ಮೇಲ್ವಿಚಾರಣೆಯಲ್ಲೇ ಬಳಸಬೇಕಾದ ವಸ್ತುವಿನ ವಿಷಯದಲ್ಲಿ, ಆ ಪರಿಣತರಿಗೆ ಸೂಚನೆ ತಲುಪಿಸಲು ತಕ್ಕ ಕ್ರಮ ಕೈಗೊಂಡಿದ್ದರೆ, ‘ಎಚ್ಚರಿಕೆ ಸಾಲದಾಯಿತು’ ಎಂಬ ದೂರಿಗೆ ತಯಾರಕರು ಹೊಣೆಯಲ್ಲ. ವಾಷಿಂಗ್ಟನ್ನಿನಲ್ಲಿ ಕಂಪನಿ ಹೂಡಿದ ವಾದಕ್ಕೆ ನಮ್ಮ ಕಾಯಿದೆಯ ಪುಟದಲ್ಲೇ ಜಾಗವಿದೆ! ಎರಡು ದಿನದ ತರಬೇತಿ, ಒಂದು ದಪ್ಪ ಪುಸ್ತಕ ಕೊಟ್ಟರೆ ‘ತಕ್ಕ ಕ್ರಮ’ ಆಯಿತೇ? ಇದು ಕಾಯಿದೆಯಲ್ಲೇ ಸ್ಪಷ್ಟವಾಗಬೇಕು.

ಇನ್ನು ಪೊಲೀಸ್ ಕೇಸು. ಜನರ ಸಿಟ್ಟು ಮೊದಲು ಹೋಗುವುದು ಅಲ್ಲಿಗೇ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ವೈದ್ಯರನ್ನು ಅಪರಾಧಿಯೆನ್ನಲು ಸಾಮಾನ್ಯ ತಪ್ಪು ಸಾಲದು, ಘೋರ ನಿರ್ಲಕ್ಷ್ಯವೇ ಇರಬೇಕು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಸಾವಾದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ತರಬೇತಿ ಕೊಡದೆ, ‘ಮಷಿನ್ ಸುಮ್ಮನೆ ನಿಂತಿದೆ, ಕೇಸು ಹೆಚ್ಚಿಸಿ’ ಎಂದು ಒತ್ತಡ ಹಾಕಿದ ಆಡಳಿತದವರ ಹೆಸರು ಇಂಥ ಕೇಸಿನಲ್ಲಿ ಬರುವುದು ಅಪರೂಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಕಿರಿಯ ವೈದ್ಯರನ್ನು ಮುಂದೆ ತಳ್ಳಿ ಸಂಸ್ಥೆ ಹಿಂದೆ ಸರಿಯಬಾರದು.

ನಮ್ಮ ಅಭಿಪ್ರಾಯ ಇಷ್ಟು: ರೋಗಿಗೆ ಮೊದಲು ಉತ್ತರ ಕೊಡಬೇಕಾದ್ದು ಯಂತ್ರ ಕೊಂಡ ಆಸ್ಪತ್ರೆ. ತಯಾರಕರಿಂದ ವಸೂಲು ಮಾಡುವುದಿದ್ದರೆ ಅದು ಆಸ್ಪತ್ರೆಯ ಜಗಳ, ಮನೆಯವರದಲ್ಲ. 2004ರ ಸವಿತಾ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ನಿರ್ಲಕ್ಷ್ಯ ಆಗಿಲ್ಲವೆಂದು ತೋರಿಸುವ ಭಾರವನ್ನು ಆಸ್ಪತ್ರೆಯ ಮೇಲೆಯೇ ಹೊರಿಸಿದೆ.

ಇದಕ್ಕೆಲ್ಲ ಸಾಕ್ಷಿ ಎಲ್ಲಿಂದ ಬರಬೇಕು? ಯಂತ್ರದ ಹೊಟ್ಟೆಯಿಂದಲೇ. ತೋಳು ಯಾವ ಕ್ಷಣ ನಿಂತಿತು, ಯಾವ ದೋಷಸೂಚನೆ ಬಂತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಒಳಗಿನ ದೃಶ್ಯವನ್ನೂ ಚಿತ್ರೀಕರಿಸಿಡಬಹುದು. ರೋಗಿ ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ. ಆ ನಿಯಮ ಕಾಗದದ ಕಾಲದ್ದು. ಯಂತ್ರದ ದಾಖಲೆ, ವಿಡಿಯೊ ಎಂಬ ಮಾತು ಅದರಲ್ಲಿ ಇಲ್ಲ. ಇವೆರಡನ್ನೂ ‘ದಾಖಲೆ’ಯ ಅರ್ಥದೊಳಗೆ ಸೇರಿಸಿ ಸರ್ಕಾರ ಒಂದು ಆದೇಶ ಹೊರಡಿಸಬೇಕು. ಅಲ್ಲಿಯವರೆಗೆ ಸಂಸ್ಥೆಗಳು ತಾವಾಗಿಯೇ ಮಾಡಿದರೆ ತಡೆಯುವವರು ಯಾರೂ ಇಲ್ಲ.

ಒಪ್ಪಿಗೆ ಪತ್ರದ ಬಗ್ಗೆ ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ತೀರ್ಪಾಗಿದೆ: ತಿಳಿಸಿ ಪಡೆದದ್ದೇ ಒಪ್ಪಿಗೆ. ಹಾಗಾದರೆ ಆ ಪತ್ರ ಕನ್ನಡದಲ್ಲಿರಲಿ. ಈ ವೈದ್ಯರು ಈ ಯಂತ್ರದಲ್ಲಿ ಈ ಚಿಕಿತ್ಸೆಯನ್ನು ಹಿಂದೆ ಎಷ್ಟು ಸಲ ಮಾಡಿದ್ದಾರೆ ಎಂಬ ಸಂಖ್ಯೆ ಅದರಲ್ಲಿರಲಿ, ಸೊನ್ನೆಯಾದರೆ ಸೊನ್ನೆಯೆಂದೇ ಇರಲಿ. ಯಂತ್ರವಿಲ್ಲದೆ ಮಾಡಿದರೆ ಖರ್ಚೆಷ್ಟು, ಅಪಾಯವೆಷ್ಟು ಎಂಬುದೂ ಇರಲಿ. ಹೊಸಬರ ಚಿಕಿತ್ಸೆಗೆ ಬಂದ ಪರಿಣತರು ಕೊನೆಯ ಹೊಲಿಗೆ ಬೀಳುವವರೆಗೆ ಕೋಣೆ ಬಿಟ್ಟು ಕದಲಬಾರದೆಂದು ಬರೆದಿಡಿ. ನ್ಯೂಕ್ಯಾಸಲ್‌ನಲ್ಲಿ ತಪ್ಪಿದ್ದು ಇಂಥ ಸಣ್ಣ ಸಂಗತಿಯೇ. ಆಸ್ಪತ್ರೆಗಳನ್ನು ನಡೆಸುತ್ತಿರುವ ಪೂಜ್ಯರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನಮ್ಮ ವಿನಂತಿ: ಯಂತ್ರ ಮಾರಲು ಬಂದವರು ಒಪ್ಪಂದದ ಕಾಗದ ಮುಂದಿಟ್ಟಾಗ, ತರಬೇತಿ ಎಷ್ಟು ದಿನ, ಯಂತ್ರದೊಳಗಿನ ದಾಖಲೆ ಯಾರ ವಶ, ಹಾನಿಯಾದರೆ ಪರಿಹಾರದಲ್ಲಿ ಅವರ ಪಾಲೆಷ್ಟು, ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಸಹಿ ಹಾಕಬೇಡಿ.