ದಾನವೂ ಹೃದಯದ ಕವಾಟವೂ

ಕೆರೆ ಕಟ್ಟಿಸುವುದು, ಛತ್ರ ತೆರೆಯುವುದು, ಅರವಟ್ಟಿಗೆ ಇಡುವುದು ಭಾರತದಲ್ಲಿ ಬಹುಕಾಲದಿಂದ ಪುಣ್ಯಕಾರ್ಯಗಳೆನಿಸಿವೆ. ಉಂಡವನ ತೃಪ್ತಿಯನ್ನು ದಾನಿಯು ಕಣ್ಣಾರೆ ಕಾಣುತ್ತಾನೆ. ಸಂಶೋಧನೆಗೆ ಕೊಟ್ಟ ಹಣವಾದರೋ ಹಾಗಲ್ಲ; ಅದರ ಫಲ ಹತ್ತಾರು ವರ್ಷ ಕಾಣದಿರಬಹುದು, ಎಂದೂ ಕಾಣದೆಯೂ ಹೋಗಬಹುದು. ಆದುದರಿಂದಲೇ ಪ್ರಯೋಗಶಾಲೆಯ ಬಾಗಿಲಿಗೆ ದಾನಿಗಳು ಬರುವುದು ವಿರಳ. ಈ ಹಿಂಜರಿಕೆ ಸಲ್ಲದೆಂಬುದಕ್ಕೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಸಾಕ್ಷಿಯಾಗಿ ನಿಂತಿದೆ.

1973ರಲ್ಲಿ ತಿರುವಾಂಕೂರಿನ ರಾಜಮನೆತನವು ಬಹುಮಹಡಿಯ ಕಟ್ಟಡವೊಂದನ್ನು ಕೇರಳದ ಜನತೆಗೆ ದಾನವಾಗಿತ್ತಿತು. ಹೃದಯ ಮತ್ತು ಮೆದುಳಿನ ರೋಗಗಳ ಆಸ್ಪತ್ರೆ ಅಲ್ಲಿ ಬೆಳೆಯಿತು. ಹೃದ್ರೋಗವೆಂದರೆ ವೃದ್ಧರ ಕಾಯಿಲೆಯೆಂದು ಭಾವಿಸುವವರುಂಟು. ಆದರೆ ಗಂಟಲುನೋವಿನ ಬೆನ್ನಿಗೆ ಬರುವ ಕೀಲುವಾತದ ಜ್ವರವು ಎಳೆಯ ಮಕ್ಕಳ ಹೃದಯದ ಕವಾಟವನ್ನೇ ಕೆಡಿಸಬಲ್ಲದು. ಅಂತಹ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಮೆದುಳಿಗೆ ಸಾಗಿದರೆ ಪಾರ್ಶ್ವವಾಯುವೂ ಬಡಿಯುತ್ತದೆ. ಇಕ್ಕಟ್ಟಾದ ಮನೆಗಳಲ್ಲಿ ವಾಸಿಸುವ ಬಡವರನ್ನೇ ಹೆಚ್ಚಾಗಿ ಹಿಡಿಯುವ ಈ ರೋಗವು ಸಿರಿವಂತ ದೇಶಗಳಿಂದ ಆ ವೇಳೆಗೆ ಬಹುಮಟ್ಟಿಗೆ ಕಾಲ್ತೆಗೆದಿತ್ತು. ಅಲ್ಲಿಂದ ತರಿಸಬೇಕಾಗಿದ್ದ ಕೃತಕ ಕವಾಟದ ಬೆಲೆ ಇಲ್ಲಿಯ ಕೂಲಿಕಾರನ ಅಳವಿಗೆ ಮೀರಿದುದು. ತಮ್ಮಲ್ಲಿ ಅಳಿದ ರೋಗಕ್ಕಾಗಿ ಪರದೇಶದವರೇ ಅಗ್ಗದ ಕವಾಟವನ್ನು ಹುಡುಕಿಕೊಡಲೆಂದು ಕಾಯುತ್ತ ಕುಳಿತಿರುವುದು ವಿವೇಕವೆನಿಸೀತೆ?

ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಎಂ. ಎಸ್. ವಲಿಯತ್ತಾನರು ಸಂಗಡಿಗರೊಡನೆ ಆ ಕಾರ್ಯವನ್ನು ಕೈಗೊಂಡರು. ಮನುಷ್ಯನ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಕವಾಟವು ಅಷ್ಟೂ ಸಲ ತಪ್ಪದೆ ತೆರೆದು ಮುಚ್ಚಬೇಕು. ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದರಲ್ಲಿ ಲೋಹದ ಚೌಕಟ್ಟಿನೊಳಗೆ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದು ವಾಲಿ ತೆರೆಯುವಂತಿತ್ತು. ಅದನ್ನು ಯಂತ್ರದಲ್ಲಿ ಕೋಟಿಗಟ್ಟಲೆ ಸಲ ಆಡಿಸಿ, ಕುರಿಗಳಿಗೆ ಅಳವಡಿಸಿ ಪರೀಕ್ಷಿಸಿದ ಮೇಲೆ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಹೃದಯಕ್ಕೆ ಜೋಡಿಸಲಾಯಿತು. ಈ ವೈದ್ಯರೇ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾದರು, 2024ರಲ್ಲಿ ನಿಧನರಾದರು.

ಎಲ್ಲವೂ ದಾನದಿಂದಲೇ ಆಯಿತೆಂದರೆ ಉತ್ಪ್ರೇಕ್ಷೆಯಾದೀತು. ವರ್ಷ ವರ್ಷದ ವೆಚ್ಚದ ಭಾರವನ್ನು ಹೊತ್ತುದು ಮುಖ್ಯವಾಗಿ ಸರ್ಕಾರ. ಆದರೆ ಸರ್ಕಾರದ ಲೆಕ್ಕಪತ್ರದಲ್ಲಿ ಸೋತ ಪ್ರಯೋಗಕ್ಕೆ ಸಮಜಾಯಿಷಿ ಹೇಳುವುದು ಸುಲಭವಲ್ಲ. ದಾನಿಯು ಅಂತಹ ಸಮಜಾಯಿಷಿಯನ್ನು ಕೇಳಬೇಕಾದ ಕಟ್ಟುಪಾಡಿಲ್ಲ. ಊರಿನ ವೈದ್ಯ ವಿದ್ಯಾಲಯದಲ್ಲಿ ಊರಿನವರ ರೋಗವನ್ನು ಅರಸುತ್ತಿರುವ ತರುಣ ಸಂಶೋಧಕನಿಗೆ ಐದು ವರ್ಷ ಫಲವನ್ನು ಕೇಳದೆ ವೇತನ ಕೊಡುವವರು ಮುಂದೆ ಬರಬೇಕು. ಸೋತ ಮೂರು ಮಾದರಿಗಳ ಖರ್ಚನ್ನು ಅವರು ನಾಲ್ಕನೆಯದರ ಬೆಲೆಯಲ್ಲಿಯೇ ಸೇರಿಸಿ ಎಣಿಸಬೇಕು.